ಧೂಳು ಅಳೆಯೋ ಕೆಲಸ

ಮೊನ್ನೆ ನಮ್ಮ ಅಡುಗೆಮನೆಗೆ ಗ್ರಾನೈಟ್ ಹಾಕಿಸಿದೆವು. ಸಿಂಕ್ ಕೂರಿಸೋಕೆ ಕಲ್ಲು ಕೊರೀಬೇಕಲ್ಲ, ಆ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಕಟರ್ ಆನ್ ಮಾಡಿದ. ಎರಡೇ ನಿಮಿಷ... ಎದುರಿಗಿದ್ದವರ ಮುಖ ಕಾಣದಷ್ಟು ಧೂಳು. ನಾನು ಬಾಲ್ಕನಿಗೆ ಓಡಿದೆ. ಅವನು ಎಲ್ಲಿಗೆ ಓಡ್ತಾನೆ?

"ಅಂಗಡೀಲೇ ನೀರಿನ ಮೆಷಿನ್ನಲ್ಲಿ ಕೊರೆದು ತರಬಹುದಿತ್ತಲ್ಲಪ್ಪಾ?" ಅಂದೆ.

"ಲೇಟಾಗುತ್ತೆ ಸಾರ್, ಓನರ್‌ಗಳು ಬೈತಾರೆ" ಅಂದ. ಹಿಂದಿನ ದಿನ ಫೋನ್ ಮಾಡಿ ಲೇಟಾಯ್ತು ಅಂತ ಬೈದಿದ್ದು ನಾನೇ.

ಇಂಥ ಧೂಳನ್ನ ಅಳೆಯೋದೇ ಒಂದು ವೃತ್ತಿ ಅಂತ ನಿಮಗೆ ಗೊತ್ತಾ? ಇಂಡಸ್ಟ್ರಿಯಲ್ ಹೈಜೀನಿಸ್ಟ್ ಅಂತ. ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಈ ಹೆಸರು ಹೇಳಲಿಲ್ಲ. ಕೇಳಿದ್ರೆ ಫಿನಾಯಿಲ್ ಹಾಕಿ ನೆಲ ಒರೆಸೋ ಕೆಲಸ ಅನ್ಸುತ್ತೆ :) ಅಲ್ಲ. ಕಾರ್ಮಿಕನ ಕಾಲರ್ ಹತ್ತಿರ ಪುಟ್ಟ ಫಿಲ್ಟರ್, ಸೊಂಟಕ್ಕೊಂದು ಪಂಪ್ ಕಟ್ಟಿ, ಇಡೀ ಶಿಫ್ಟು ಅವನು ಉಸಿರಾಡೋ ಗಾಳಿಯ ಧೂಳು ಹಿಡೀತಾರೆ. ಅದರಲ್ಲಿ ಸಿಲಿಕಾ ಎಷ್ಟಿದೆ ಅಂತ ಲ್ಯಾಬಲ್ಲಿ ನೋಡಿ, ಮಿತಿ ಮೀರಿದ್ರೆ ಏನು ಬದಲಾಯಿಸಬೇಕು ಅಂತ ಹೇಳ್ತಾರೆ.

ಅವರ ಲೆಕ್ಕದಲ್ಲಿ ಮಾಸ್ಕ್ ಕಟ್ಟಕಡೆಯದು. ಮೊದಲು ಅಪಾಯದ ವಸ್ತುವನ್ನೇ ಬಿಡಬಹುದಾ? ಬೇರೇದು ಬಳಸಬಹುದಾ? ಆಮೇಲೆ ನೀರು, ಧೂಳು ಹೀರೋ ಯಂತ್ರ. ಆಮೇಲೆ ಕೆಲಸದ ಪಾಳಿ. ಕೊನೆಗೆ ಮಾಸ್ಕ್. ನಾವು ಶುರು ಮಾಡೋದೇ ಕೊನೆಯಿಂದ, ಅದೂ ಕರ್ಚೀಫಿನಿಂದ! ಶ್ವಾಸಕೋಶದ ಆಳಕ್ಕಿಳಿಯೋ ಸಿಲಿಕಾ ಕಣ್ಣಿಗೇ ಕಾಣಲ್ಲ, ಕರ್ಚೀಫು ತಡೆಯುತ್ತಾ? ಪ್ರೋಗ್ರಾಮಲ್ಲಿ ಬಗ್ ಬಿಟ್ಟು, ಬಳಸೋರಿಗೆ 'ಹುಷಾರಾಗಿ ಕ್ಲಿಕ್ ಮಾಡಿ' ಅಂದ ಹಾಗಾಯ್ತು.

ಸಿಲಿಕೋಸಿಸ್ ಬಂದ್ರೆ ವಾಸಿಯಾಗಲ್ಲ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಯವರಿಗೆ ಇದು ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿತ್ತು. ಅಡುಗೆಮನೆಗೆ ಹಾಕೋ ಕೃತಕ ಕ್ವಾರ್ಟ್ಜ್ ಕಲ್ಲಿನಲ್ಲಿ ಶೇ. 90ರಷ್ಟೂ ಸಿಲಿಕಾ ಇರಬಹುದು. ಅದನ್ನ ಕತ್ತರಿಸೋರ ಶ್ವಾಸಕೋಶ ನೋಡಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಪಟ್ಟಿಯ ಮೊದಲ ಮೆಟ್ಟಿಲು ಅಂದ್ರೆ ಇದೇ.

ನಮ್ಮಲ್ಲಿ ವಿದ್ಯೆ ಇಲ್ಲ ಅಂತಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಕೇಂದ್ರ ಬೆಂಗಳೂರಲ್ಲೇ ಇದೆ. ಆದ್ರೆ ಪಂಪ್ ಕಟ್ಟೋರು ಕಾರ್ಖಾನೆಗೆ ಬಂದಾರು, ನಮ್ಮ ನಿಮ್ಮ ಅಡುಗೆಮನೆಗೆ ಬರಲ್ಲ. ಇಂಜಿನಿಯರಿಂಗ್ ಕಾಲೇಜುಗಳು ಇದನ್ನ ಒಂದು ಪೇಪರ್ ಆಗಿಯಾದ್ರೂ ಕಲಿಸಲಿ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿವರೆಗೆ, ಕಲ್ಲು ಹಾಕಿಸೋ ಮುಂಚೆ ಸರಿಯಾದ ಅಳತೆ ಕೊಟ್ಟು, ಎರಡು ದಿನ ತಡವಾದ್ರೂ ಪರವಾಗಿಲ್ಲ ಅನ್ನೋಣ. ನಾನು ಅನ್ನಲಿಲ್ಲ.

ನೀವೇನಂತೀರಿ?