ಮೆತ್ತೆಯ ಷರಾಯಿ ಕೊಳ್ಳುವವರಿಗೆ

ಮಾಗಿಯ ಚಳಿ ಬಂತೆಂದರೆ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಭಾನುವಾರದ ಬೆಳಗಿನ ನೋಟವೇ ಬೇರೆ. ನಸುಕು ಹರಿಯುವ ಮೊದಲೇ ಮುಂದೊಂದು ಬಿಳಿಯ ದೀಪ, ಹಿಂದೊಂದು ಕೆಂಪು ದೀಪ ಹೊತ್ತ ಸೈಕಲ್ಲುಗಳು ಸಾಲಾಗಿ ಉತ್ತರ ದಿಕ್ಕಿಗೆ ಸಾಗುತ್ತವೆ. ನಂದಿಬೆಟ್ಟ ನಗರದಿಂದ ಸುಮಾರು 60 ಕಿಲೋಮೀಟರು. ಅದರ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರು ಎತ್ತರ. ಹೋಗಿ ಬರುವಷ್ಟರಲ್ಲಿ ಐದಾರು ಗಂಟೆಗಳು ಸೀಟಿನ ಮೇಲೆಯೇ ಕಳೆದಿರುತ್ತವೆ. ಸವಾರರಲ್ಲಿ ವಿದ್ಯಾರ್ಥಿಗಳಿರುವಂತೆಯೇ, ವೈದ್ಯರ ಸಲಹೆಯ ಮೇರೆಗೆ ಸೈಕಲ್ಲು ಹಿಡಿದ ನಡುವಯಸ್ಸಿನ ಗೃಹಸ್ಥರೂ ಗೃಹಿಣಿಯರೂ ಉಂಟು.

ಇವರ ಉತ್ಸಾಹವನ್ನು ಕುಂದಿಸುವುದರಲ್ಲಿ ಏರುದಾರಿಗಿಂತಲೂ ಚಳಿಗಿಂತಲೂ ಹೆಚ್ಚಿನ ಪಾಲು ಅಂಗೈಯಗಲದ ಆ ಸೀಟಿನದು. ಮೊದಲ ಗಂಟೆಯಲ್ಲಿ ಅದು ಸುಮ್ಮನಿರುತ್ತದೆ. ಎರಡನೆಯ ಗಂಟೆಯಲ್ಲಿ ತನ್ನ ಇರವನ್ನು ತಿಳಿಸುತ್ತದೆ. ಮೂರನೆಯ ಗಂಟೆಯಲ್ಲಿ ಸವಾರನಿಗೆ ಬೇರೆ ಯಾವ ಯೋಚನೆಯೂ ಉಳಿಯದಂತೆ ಮಾಡುತ್ತದೆ. ಮಾರನೆಯ ದಿನ ಕಚೇರಿಯ ಕುರ್ಚಿಯಲ್ಲಿ ಕೂರಲೂ ಆಗದು, ಕಾರಣವನ್ನು ಬಾಯಿಬಿಟ್ಟು ಹೇಳಲೂ ಆಗದು. ಆಸೆಪಟ್ಟು ತಂದ ಸೈಕಲ್ಲು ಮೂರನೆಯ ತಿಂಗಳಿಗೆ ಟವೆಲು ಒಣಹಾಕುವ ಸಾಧನವಾಗುವುದು ಹಲವು ಮನೆಗಳಲ್ಲಿ ಹೀಗೆಯೇ.

ತೊಂದರೆಯ ಮೂಲವನ್ನು ಅರಿತರೆ ಪರಿಹಾರ ಸುಲಭ. ಕುಳಿತಾಗ ಮೈಭಾರವನ್ನು ಹೊರುವುದು ಪೃಷ್ಠದ ಕೆಳಗಿನ ಎರಡು ಎಲುಬುಗಳ ತುದಿ. ಬಾಗಿ ಹ್ಯಾಂಡಲನ್ನು ಹಿಡಿದಾಗ ಭಾರ ಮುಂದಕ್ಕೆ ಸರಿದು, ನಡುವಣ ಮೃದು ಭಾಗದ ನರಗಳೂ ರಕ್ತನಾಳಗಳೂ ಅದುಮಿದಂತಾಗುತ್ತವೆ. ಜೋಮು ಹಿಡಿಯುವುದು ಇದರಿಂದ. ಇದರ ಜೊತೆಗೆ ಉಜ್ಜುವಿಕೆ ಬೇರೆ. ನಿಮಿಷಕ್ಕೆ 80 ಸಲ ಪೆಡಲು ತಿರುಗಿದರೆ ಗಂಟೆಗೆ 4,800 ಸುತ್ತು, ಐದು ಗಂಟೆಗೆ 24,000 ಸುತ್ತು. ಅಷ್ಟು ಸಲವೂ ತೊಡೆಯ ಒಳಭಾಗ ಬಟ್ಟೆಗೆ ತಿಕ್ಕುತ್ತದೆ. ಬೆವರಿನಿಂದ ಒದ್ದೆಯಾದ ಹತ್ತಿಯ ಬಟ್ಟೆ ಅಲ್ಲಿ ಮುದ್ದೆಯಾಗಿ ಕುಳಿತರೆ ಚರ್ಮ ಕೆಂಪೇರಿ, ಸುಲಿದು, ಕಡೆಗೆ ಕುರುವಾಗುವುದೂ ಉಂಟು. ಸಕ್ಕರೆ ಕಾಯಿಲೆಯವರಲ್ಲಿ ಗಾಯ ನಿಧಾನವಾಗಿ ಮಾಯುವುದರಿಂದ ಅವರಂತೂ ಇದನ್ನು ಅಲಕ್ಷಿಸುವಂತಿಲ್ಲ.

ಮೆತ್ತೆ ಹೊಲಿದ ಷರಾಯಿ, ಅಂಗಡಿಯವರ ಮಾತಿನಲ್ಲಿ ‘ಪ್ಯಾಡ್ ಇರುವ ಟೈಟ್ಸ್’, ಹುಟ್ಟಿದ್ದು ಈ ಕಷ್ಟಕ್ಕಾಗಿಯೇ. ಯೂರೋಪಿನ ಹಳೆಯ ಪಂದ್ಯಗಾರರು ಉಣ್ಣೆಯ ಚಡ್ಡಿಗೆ ಮೆತ್ತನೆಯ ತೊಗಲಿನ ಒಳಪಟ್ಟಿಯನ್ನು ಹೊಲಿಸಿಕೊಳ್ಳುತ್ತಿದ್ದರು. ಆಲ್ಪ್ಸ್ ಪರ್ವತದ ಶಾಮ್ವಾ ಎಂಬ ಕಾಡುಮೇಕೆಯ ಚರ್ಮವಾದ್ದರಿಂದ ಅದಕ್ಕೂ ಅದೇ ಹೆಸರು. ಒಗೆದೊಡನೆ ಆ ತೊಗಲು ಹಪ್ಪಳದಂತೆ ಬಿರುಸಾಗುತ್ತಿತ್ತು. ಸವಾರಿಗೆ ಮುನ್ನ ಮುಲಾಮು ಸವರಿ ಅದನ್ನು ಮೃದುಗೊಳಿಸಬೇಕಾಗಿತ್ತು. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ಅವರು ರಬ್ಬರಿನಂತೆ ಹಿಗ್ಗಿ ಕುಗ್ಗುವ ನೂಲನ್ನು ಕಂಡುಹಿಡಿದರು. ಲೈಕ್ರಾ ಎಂದು ಪ್ರಸಿದ್ಧವಾದುದು ಅದೇ. ಉಣ್ಣೆಯ ಸ್ಥಾನಕ್ಕೆ ಅದೂ, ತೊಗಲಿನ ಸ್ಥಾನಕ್ಕೆ ಕೃತಕ ಸ್ಪಂಜೂ ಬಂದ ಮೇಲೆ ಈ ಉಡುಪು ಸಾಮಾನ್ಯರ ಕೈಗೆಟುಕಿತು.

ಈಗ ಅಂಗಡಿಯ ಬಾಗಿಲಿಗೆ ಬರೋಣ. ಹೊಸಬರು ಸಾಮಾನ್ಯವಾಗಿ ಅತ್ಯಂತ ದಪ್ಪನೆಯ ಮೆತ್ತೆಯನ್ನೇ ಆರಿಸುತ್ತಾರೆ. ದಪ್ಪವೇ ಗುಣವೆಂದು ತಿಳಿದರೆ ಕೆಟ್ಟಂತೆ. ಹಳೆಯ ಹತ್ತಿಯ ಹಾಸಿಗೆ ನೋಡಲು ಎತ್ತರವಾಗಿದ್ದರೂ ಮಲಗಿದೊಡನೆ ನೆಲ ತಾಗುವುದಿಲ್ಲವೇ? ಸಡಿಲ ಸ್ಪಂಜಿನ ಕತೆಯೂ ಅಷ್ಟೇ. ಬೇಕಾದದ್ದು ಒತ್ತಾದ ಸ್ಪಂಜು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆತ್ತೆಯನ್ನು ಬಲವಾಗಿ ಅದುಮಿ ನೋಡಬೇಕು. ಬೆರಳುಗಳು ಒಂದನ್ನೊಂದು ಮುಟ್ಟಿದಂತಾದರೆ ಅದನ್ನು ಅಲ್ಲಿಯೇ ಇಟ್ಟುಬಿಡುವುದು ಲೇಸು. ಎಲುಬು ತಾಗುವಲ್ಲಿ ಗಟ್ಟಿಯಾಗಿಯೂ ಅಂಚಿನ ಕಡೆಗೆ ತೆಳುವಾಗಿಯೂ ಇರುವುದು ಒಳ್ಳೆಯ ಮೆತ್ತೆಯ ಲಕ್ಷಣ.

ಎರಡನೆಯದಾಗಿ ಹೊಲಿಗೆ. ಉಡುಪನ್ನು ಒಳಮಗ್ಗುಲಾಗಿ ತಿರುಗಿಸಿ, ತೊಡೆಯ ಸಂದಿಯಲ್ಲಿ ಬೆರಳಾಡಿಸಬೇಕು. ಹೊಲಿಗೆ ಚಪ್ಪಟೆಯಾಗಿರಬೇಕು, ಬೆರಳಿಗೆ ತೊಡರುವ ಗಂಟು 24,000 ಸುತ್ತುಗಳಲ್ಲಿ ಚರ್ಮಕ್ಕೂ ತೊಡರುತ್ತದೆ. ಕಡಮೆ ಬೆಲೆಯ ಮಾಲಿನಲ್ಲಿ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಹಲವು ತುಂಡುಗಳನ್ನು ಜೋಡಿಸಿ ಹೊಲಿದದ್ದು ಕಾಲಿನ ಆಕಾರಕ್ಕೆ ಚೆನ್ನಾಗಿ ಕೂರುತ್ತದೆ.

ಮೂರನೆಯದು ಅಳತೆ. ಇದನ್ನು ತೊಟ್ಟು ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಸರಿಯಾದ ತೀರ್ಮಾನ ದೊರೆಯದು. ಹ್ಯಾಂಡಲನ್ನು ಹಿಡಿದಂತೆ ಬಾಗಬೇಕು, ಮೊಣಕಾಲನ್ನು ಎದೆಯ ಕಡೆಗೆ ಎತ್ತಬೇಕು. ನಿಂತಾಗ ಕೊಂಚ ಬಿಗಿಯೆನಿಸಿ ಬಾಗಿದಾಗ ಹಿತವೆನಿಸಿದರೆ ಅದೇ ತಕ್ಕ ಅಳತೆ. ಮೆತ್ತೆ ಮೈಗೆ ಅಂಟಿಕೊಂಡಿರಬೇಕು. ಅತ್ತಿತ್ತ ಸರಿದರೆ ಅದೇ ಉಜ್ಜಲಾರಂಭಿಸುತ್ತದೆ. ಬಾಗಿದಾಗ ಬಟ್ಟೆ ಹಿಗ್ಗಿ ಪಾರದರ್ಶಕವಾಗುವುದೋ ಎಂದು ಜೊತೆಗೆ ಬಂದವರು ನೋಡಿ ಹೇಳಿದರೆ ಮುಂದಿನ ನಗೆಪಾಟಲು ತಪ್ಪುತ್ತದೆ. ಸ್ತ್ರೀಯರಲ್ಲಿ ಆ ಎರಡು ಎಲುಬುಗಳ ಅಂತರ ಸಾಮಾನ್ಯವಾಗಿ ಹೆಚ್ಚು. ಅವರಿಗಾಗಿಯೇ ತಯಾರಾದ ಮೆತ್ತೆ ಹಿಂಬದಿಯಲ್ಲಿ ಅಗಲವಾಗಿರುತ್ತದೆ. ಮನೆಯಲ್ಲಿ ಒಂದಿದೆಯಲ್ಲ ಎಂದು ಪತಿಯ ಉಡುಪನ್ನೇ ಪತ್ನಿ ತೊಡುವುದು ಉಳಿತಾಯವೆನಿಸಲಾರದು.

ಇನ್ನು ಚಳಿಯ ಮಾತು. ಬೆಂಗಳೂರಿನಲ್ಲಿ ಪಾದರಸ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದು ದಾಖಲೆಯ ಮಾತಾಯಿತು. ಸಾಮಾನ್ಯವಾಗಿ ಇಲ್ಲಿನ ಡಿಸೆಂಬರು, ಜನವರಿಯ ಬೆಳಗು 15 ಡಿಗ್ರಿಯ ಆಸುಪಾಸಿನಲ್ಲಿದ್ದು, ಮಧ್ಯಾಹ್ನದ ಹೊತ್ತಿಗೆ 27ರ ಸುತ್ತಮುತ್ತ ಬಂದಿರುತ್ತದೆ. ಒಳಗೆ ನಯವಾದ ಜುಂಗು ಎಬ್ಬಿಸಿದ ದಪ್ಪ ಬಟ್ಟೆಯ ಷರಾಯಿ ದೆಹಲಿಯಲ್ಲೋ ಲಂಡನ್ನಿನಲ್ಲೋ ನೆಲೆಸಿದ ಕನ್ನಡಿಗರಿಗೆ ತಕ್ಕುದು. ಇಲ್ಲಿ ಅದನ್ನು ತೊಟ್ಟವರು ಬೆಟ್ಟ ಏರುವಾಗಲೇ ಬೆವೆತು, ಒದ್ದೆ ಬಟ್ಟೆಯಲ್ಲಿ ಇಳಿಯುವಾಗ ನಡುಗುತ್ತಾರೆ. ಇಲ್ಲಿನ ಚಳಿಗೆ ಕಾಲನ್ನು ಪೂರ್ತಿ ಮುಚ್ಚುವ ತೆಳು ಲೈಕ್ರಾ ಸಾಕು. ಮೊಣಕಾಲನ್ನು ಮಾತ್ರ ಬರಿದಾಗಿ ಬಿಡಬಾರದು. ತಣ್ಣನೆಯ ಗಾಳಿಗೆ ಮೊದಲು ಬಿಗಿದುಕೊಳ್ಳುವುದು ಅದೇ.

ಮಿತವ್ಯಯದ ಉಪಾಯವೊಂದು ಇಲ್ಲಿಯೇ ಅಡಗಿದೆ. ಮೆತ್ತೆಯಿರುವ ಗಿಡ್ಡ ಚಡ್ಡಿಯೊಂದನ್ನು ಕೊಂಡು, ಅದರ ಮೇಲೆ ಮೆತ್ತೆಯಿಲ್ಲದ ಸಾದಾ ಟೈಟ್ಸ್ ತೊಡಬಹುದು. ಇಲ್ಲವೇ ತೊಡೆಯಿಂದ ಹರಡಿನವರೆಗೆ ಏರಿಸಿಕೊಳ್ಳುವ ಲೆಗ್ ವಾರ್ಮರುಗಳನ್ನು ಧರಿಸಿ, ಬಿಸಿಲೇರಿದಾಗ ಕಳಚಿ ಜೇಬಿಗಿಡಬಹುದು. ಮೆತ್ತೆಗೆ ಕೊಟ್ಟ ಹಣ ಹೀಗೆ ಬೇಸಗೆಯಲ್ಲಿಯೂ ಫಲ ಕೊಡುತ್ತದೆ. ಎರಡು ಮೆತ್ತೆಗಳನ್ನು ಒಂದರ ಮೇಲೊಂದು ತೊಡುವ ದುಡುಕು ಮಾತ್ರ ಬೇಡ. ಒಳಗಡೆ ಬೇರೆ ಒಳ ಉಡುಪೂ ಸಲ್ಲದು. ಮೆತ್ತೆ ನೇರವಾಗಿ ಚರ್ಮಕ್ಕೆ ತಾಗಬೇಕು. ಹಲವರು ಸಂಕೋಚದಿಂದ ಕೇಳದೆ, ಅಂಗಡಿಯವರೂ ಹೇಳದೆ ಉಳಿದುಹೋಗುವ ಸಂಗತಿ ಇದು.

ಬೆಲೆಯ ವಿಚಾರ. ಒಂದೂವರೆಯಿಂದ ಮೂರು ಸಾವಿರ ರೂಪಾಯಿಯೊಳಗೆ ಭಾನುವಾರದ ಸವಾರಿಗೆ ಬೇಕಾದುದೆಲ್ಲ ದೊರೆಯುತ್ತದೆ. ಹೊರದೇಶದ ಹೆಸರುವಾಸಿ ಉಡುಪುಗಳಿಗೆ ಇದರ ಹಲವು ಪಟ್ಟು ಬೆಲೆಯುಂಟು. ಹದಿಮೂರೂವರೆ ಗಂಟೆಗಳ ಅವಧಿಯಲ್ಲಿ 200 ಕಿಲೋಮೀಟರು ಮುಗಿಸಬೇಕಾದ ‘ಬ್ರೆವೆ’ ಸವಾರಿಗಳನ್ನು ಮೇಲಿಂದ ಮೇಲೆ ಕೈಗೊಳ್ಳುವವರು, ಸೊಂಟ ಬಿಗಿಯದಂತೆ ಭುಜಪಟ್ಟಿಯಿರುವ ಬಗೆಗೆ ಇನ್ನಷ್ಟು ಹಣ ಕೂಡಿಸಿದರೆ ತಪ್ಪಿಲ್ಲ. ಉಳಿದವರಿಗೆ ದುಬಾರಿಯ ಒಂದಕ್ಕಿಂತ ಸಾಧಾರಣ ಬೆಲೆಯ ಎರಡು ಮೇಲು. ಒಮ್ಮೆ ಬೆವರಿದುದನ್ನು ಒಗೆಯದೆ ಮತ್ತೆ ತೊಡುವುದೇ ಕುರುವಿಗೆ ಆಹ್ವಾನ.

ಒಗೆತಕ್ಕೂ ಕ್ರಮವುಂಟು. ತಣ್ಣೀರು, ಸೌಮ್ಯವಾದ ಸೋಪು. ಒಗೆಯುವ ಕಲ್ಲಿನ ಮೇಲೆ ಬಡಿಯುವಂತಿಲ್ಲ, ಬಲವಾಗಿ ಹಿಂಡುವಂತಿಲ್ಲ. ಒಳಮಗ್ಗುಲು ಹೊರಗೆ ಮಾಡಿ ನೆರಳಿನಲ್ಲಿ ಒಣಹಾಕಬೇಕು. ಇಸ್ತ್ರಿ ತಾಗಿದರೆ ಲೈಕ್ರಾದ ಆಯುಷ್ಯ ಮುಗಿದಂತೆಯೇ.

ಮೈಗೆ ಮೆತ್ತಿಕೊಂಡಂತಿರುವ ಈ ಉಡುಪನ್ನು ಕಂಡು ಮನೆಯ ಹಿರಿಯರು ಹುಬ್ಬೇರಿಸುವುದು ಸಹಜ. ಅವರ ಕಾಲದಲ್ಲಿ ಪಂಚೆಯನ್ನು ಎತ್ತಿ ಕಟ್ಟಿಯೋ, ಪೈಜಾಮದ ಅಂಚಿಗೆ ಕ್ಲಿಪ್ಪು ಹಾಕಿಯೋ ಚೈನಿನಿಂದ ಪಾರಾಗುತ್ತಿದ್ದರು. ಬಿಗಿ ಷರಾಯಿ ಮಾಡುವ ಕೆಲಸಗಳಲ್ಲಿ ಅದೂ ಒಂದು. ಸಂಕೋಚ ಕಾಡುವವರು ಮೇಲೊಂದು ತೆಳುವಾದ ಸಡಿಲ ಚಡ್ಡಿಯನ್ನು ತೊಟ್ಟರೆ ಮರ್ಯಾದೆಗೂ ಕುಂದಿಲ್ಲ, ಸವಾರಿಗೂ ಅಡ್ಡಿಯಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಓರೆಯಾದ ಸೀಟನ್ನು, ಅಳತೆ ತಪ್ಪಿದ ಎತ್ತರವನ್ನು ಯಾವ ಮೆತ್ತೆಯೂ ಸರಿಪಡಿಸಲಾರದು. ಸೀಟಿನ ಮಟ್ಟವನ್ನು ಮೊದಲು ಸರಿಮಾಡಿಸಿ, ದಾರಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಲ್ಲುವ ಅಭ್ಯಾಸವನ್ನಿಟ್ಟುಕೊಳ್ಳಬೇಕು. ಇಷ್ಟಾಗಿಯೂ ಜೋಮು ಮಾರನೆಯ ದಿನಕ್ಕೆ ಉಳಿದರೆ ನಾಚಿಕೆ ಬಿಟ್ಟು ವೈದ್ಯರನ್ನು ಕಾಣಬೇಕು. ಸವಾರಿಗೆ ಹೊರಟದ್ದು ಆರೋಗ್ಯಕ್ಕಾಗಿ ಎಂಬುದನ್ನು ಮರೆಯದಿದ್ದರೆ, ಟವೆಲು ಒಣಹಾಕಲು ಮನೆಯವರು ಬೇರೆ ಹಗ್ಗ ಕಟ್ಟಿಕೊಳ್ಳಬೇಕಾದೀತು.