ಉದ್ದದ ಬಂಡಿ, ಊರಿನ ಬೀದಿ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲಸಿರುವ ಮಿತ್ರರೊಬ್ಬರ ಕಾಗದ ಕಳೆದ ವಾರ ಕೈಸೇರಿತು. ಅವರ ಹಿರಿಯ ಮಗ ಕಾರ್ಖಾನೆಯ ಕೆಲಸವನ್ನು ತೊರೆದು, ಸ್ವಂತ ವ್ಯಾನೊಂದನ್ನು ಕೊಂಡು, ಕೊರಿಯರ್ ವೃತ್ತಿಯನ್ನು ಕೈಗೊಳ್ಳುವ ಹವಣಿಕೆಯಲ್ಲಿದ್ದಾನಂತೆ. ಹಣ ತಂದೆಯದು, ಮುಪ್ಪಿನ ಕಾಲಕ್ಕೆಂದು ಕೂಡಿಟ್ಟದ್ದು. “ಬಂಡಿ ಎಷ್ಟು ಉದ್ದವೋ ಲಾಭವೂ ಅಷ್ಟೇ ಎನ್ನುತ್ತಾನೆ ಹುಡುಗ; ನೀವೇನೆನ್ನುತ್ತೀರಿ?” ಎಂದು ಕೇಳಿದ್ದಾರೆ. ಬಂಡಿಗಳ ವಿಷಯದಲ್ಲಿ ನಾನು ಪಂಡಿತನೆಂಬ ಭ್ರಮೆ ಅವರಿಗೆ ಹೇಗೆ ಹುಟ್ಟಿತೋ ಕಾಣೆ. ಆದರೂ ವಿಚಾರಿಸಿ ತಿಳಿದುದನ್ನು ಬರೆದಿದ್ದೇನೆ. ಪರದೇಶದಲ್ಲಿ ಮಕ್ಕಳಿರುವ ವಾಚಕರಿಗೂ ಅದು ಉಪಯೋಗಕ್ಕೆ ಬಂದೀತು.

ಮುಂದಿನ ಗಾಲಿಗಳ ಅಚ್ಚಿಗೂ ಹಿಂದಿನವುಗಳ ಅಚ್ಚಿಗೂ ನಡುವಣ ಅಂತರವೇ ವೀಲ್‌ಬೇಸ್. 1965ರಲ್ಲಿ ಫೋರ್ಡ್ ಕಂಪನಿ ಟ್ರಾನ್ಸಿಟ್ ವ್ಯಾನನ್ನು ಹೊರತಂದಾಗಲೇ 106 ಅಂಗುಲದ್ದೊಂದು, 118 ಅಂಗುಲದ್ದೊಂದು ಎಂದು ಎರಡು ಬಗೆಗಳಿದ್ದವು. ಆದರೆ ಈ ಅಂತರವನ್ನೇ ನಂಬಿ ಕೊಳ್ಳುವವನು ಮೋಸಹೋದಾನು. 2014ರಿಂದ ಮಾರಾಟಕ್ಕೆ ಬಂದ ಟ್ರಾನ್ಸಿಟ್‌ನಲ್ಲಿ ಎಲ್-3 ಎಂಬುದಕ್ಕೂ ಎಲ್-4 ಎಂಬುದಕ್ಕೂ ವೀಲ್‌ಬೇಸ್ ಒಂದೇ, 3,750 ಮಿಲಿಮೀಟರ್. ಮೊದಲನೆಯದು ಒಟ್ಟು 6 ಮೀಟರಿನಷ್ಟು ಉದ್ದ, ಎರಡನೆಯದು 6.7. ಹೆಚ್ಚಿದ್ದೆಲ್ಲವೂ ಹಿಂದಿನ ಗಾಲಿಯಾಚೆಗೆ ಚಾಚಿದ ಬಾಲ! ತಿರುವಿನಲ್ಲಿ ಆ ಬಾಲ ಹೊರಕ್ಕೆ ಬೀಸುತ್ತದೆ. ಅಲ್ಲಿಯೇ ಭಾರ ಹೇರಿದರೆ ಮುಂದಿನ ಗಾಲಿ ಹಗುರಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ತೂಕದ್ದು. ಆ ದೇಶದಲ್ಲಿ 1997ರ ಜನವರಿಯಿಂದೀಚೆಗೆ ಕಾರಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಆ ಪರವಾನಗಿಯ ಬಲದಿಂದ ನಡೆಸಬಹುದಾದ ಡೀಸೆಲ್ ವ್ಯಾನಿನ ಮಿತಿ 3,500 ಕಿಲೋಗ್ರಾಂ. ಬಂಡಿ, ಎಣ್ಣೆ, ಸರಕು, ಚಾಲಕ, ಅವನ ಬುತ್ತಿ, ಎಲ್ಲವೂ ಸೇರಿದ ಲೆಕ್ಕವದು. ಉದ್ದದ ವ್ಯಾನು ಖಾಲಿಯಿರುವಾಗಲೇ ಎರಡು ಟನ್ನು ಮೀರಿ ತೂಗುತ್ತದೆ. ಬಂಡಿ ಉದ್ದವಾದಷ್ಟೂ ಉಕ್ಕು ಹೆಚ್ಚು. ಉಕ್ಕು ಹೆಚ್ಚಿದಷ್ಟೂ ಸರಕಿಗೆ ಉಳಿಯುವ ಪಾಲು ಕಡಮೆ. ಜಾಗ ಬೆಳೆಯುತ್ತದೆ, ಹೊರುವ ಅಧಿಕಾರ ಕುಗ್ಗುತ್ತದೆ. ಅರ್ಧ ಖಾಲಿಯಾಗಿ ಕಾಣುವ ಬಂಡಿಯೂ ಕಾನೂನಿನ ದೃಷ್ಟಿಯಲ್ಲಿ ತುಂಬಿ ತುಳುಕಿರಬಹುದು. ರಸ್ತೆಯಲ್ಲಿ ತಡೆದು ತೂಗಿದರೆ ದಂಡ ತೆರಬೇಕಾದವನು ಚಾಲಕ; ಹೆಚ್ಚಿನ ಸರಕನ್ನು ಇಳಿಸುವವರೆಗೆ ಬಂಡಿ ಕದಲುವಂತಿಲ್ಲ.

ಇನ್ನು ಹುಡುಗ ಮಾಡಹೊರಟ ಕೆಲಸ ಯಾವುದು? ಕಾಗದದಲ್ಲಿ ಅದೊಂದೇ ಇಲ್ಲ. ದಿನಕ್ಕೆ ನೂರು ಮನೆಗಳಿಗೆ ಪೊಟ್ಟಣ ಹಂಚುವುದಾದರೆ, ವಿಕ್ಟೋರಿಯ ರಾಣಿಯ ಕಾಲದ ಸಾಲುಮನೆಗಳ ಬೀದಿಯಲ್ಲಿ, ಎರಡೂ ಬದಿ ನಿಂತ ಕಾರುಗಳ ನಡುವೆ, ಆರೂಮುಕ್ಕಾಲು ಮೀಟರಿನ ಬಂಡಿಯನ್ನು ನೂರು ಸಲ ನಿಲ್ಲಿಸಬೇಕು. ಅಲ್ಲಿ ಗಿಡ್ಡದ್ದೇ ಲೇಸು. ಗೋದಾಮಿನಿಂದ ಗೋದಾಮಿಗೆ ಅದೇ ದಿನ ಸರಕು ಮುಟ್ಟಿಸುವುದಾದರೆ ಉದ್ದಕ್ಕೆ ಅರ್ಥವುಂಟು. 1,200ಕ್ಕೆ 1,000 ಮಿಲಿಮೀಟರ್ ಅಳತೆಯ ಮರದ ಪ್ಯಾಲೆಟ್ ಅಲ್ಲಿಯ ವಾಡಿಕೆ. ಎಲ್-3ರಲ್ಲಿ ಮೂರು ಹಿಡಿದರೆ ಎಲ್-4ರಲ್ಲಿ ನಾಲ್ಕು. ಆ ನಾಲ್ಕನೆಯದರ ಸಲುವಾಗಿಯೇ ಇಷ್ಟೆಲ್ಲ ಚರ್ಚೆ! ಪ್ಯಾಲೆಟ್ಟೊಂದು ನಾನೂರು ಕಿಲೋ ತೂಗಿದರೆ ಮೂರನ್ನು ಹೊರುವುದೇ ಕಷ್ಟ. ಮೇಲಾಗಿ, ಬಾಡಿಗೆ ಗೊತ್ತಾಗುವುದು ಸಾಮಾನ್ಯವಾಗಿ ಸರಕಿನ ಗಾತ್ರದ ಮೇಲೆ; ದೊಡ್ಡ ಬಂಡಿಯಲ್ಲಿ ಒಂದು ಲಕೋಟೆಯನ್ನು ಒಯ್ದವನಿಗೆ ಸಿಗುವುದು ಲಕೋಟೆಯ ಬಾಡಿಗೆಯೇ. ಹಿಂದಿರುಗುವಾಗ ಬಂಡಿ ಬರಿದಾಗಿದ್ದರೆ ಎಣ್ಣೆಯ ಖರ್ಚು ಚಾಲಕನದು.

ಆದ್ದರಿಂದ ಎಲ್-3 ಸಾಕೆಂದು ನನ್ನ ಅಭಿಮತ. ಹಗುರವಾದರೂ ಬಹಳ ಜಾಗ ಬೇಡುವ ಸರಕಿನ ಗುತ್ತಿಗೆ ಕೈಯಲ್ಲಿದ್ದರೆ ಮಾತ್ರ ಉದ್ದನೆಯದನ್ನು ಕೊಳ್ಳಲಿ. ಬಾಡಿಗೆಗೆ ಸರಕು ಸಾಗಿಸುವವರ ವಿಮೆಯೇ ಬೇರೆ, ಸಾಗುವ ಸರಕಿನ ವಿಮೆಯೇ ಬೇರೆ. ಸಾಧಾರಣ ವಿಮೆ ಇವೆರಡಕ್ಕೂ ಒದಗದು. ಎರಡರ ಕಂತನ್ನೂ ಬಂಡಿಯ ಬೆಲೆಯೊಡನೆ ಈಗಲೇ ಬರೆದಿಡಲಿ. ಡೀಸೆಲ್ ಎಂಜಿನ್ ಯೂರೊ-6 ಮಟ್ಟದ್ದಾಗಿರಲಿ. 2023ರ ಆಗಸ್ಟಿನಲ್ಲಿ ಮಾಲಿನ್ಯದ ಸುಂಕ ಇಡೀ ಲಂಡನ್ನಿಗೆ ವಿಸ್ತರಿಸಿತು.

ಮಿತ್ರರಿಗೆ ಕೊನೆಯಲ್ಲಿ ಇಷ್ಟು ಬರೆದೆ: ವ್ಯಾಪಾರ ಕುದುರಿಸುವ ಮುನ್ನ ಬಂಡಿಯ ಮೇಲಿನ ಲೋಹದ ಫಲಕವನ್ನು ಹುಡುಕಿ, ಅದರಲ್ಲಿರುವ ಒಟ್ಟು ತೂಕದ ಮಿತಿಯನ್ನೂ ಪ್ರತಿ ಅಚ್ಚಿನ ಮಿತಿಯನ್ನೂ ಗುರುತು ಮಾಡಿಕೊಳ್ಳಿ. ಬಳಿಕ ಖಾಲಿ ಬಂಡಿಯನ್ನು ಸಾರ್ವಜನಿಕ ತೂಕದ ಕಟ್ಟೆಗೆ ಒಯ್ದು ತೂಗಿಸಿ. ಹುಡುಗನನ್ನು ಒಳಗೆ ಕೂರಿಸಿಯೇ ತೂಗಿಸಿ.