ಔಷಧದ ಅಂಗಡಿಯೂ ಪಾಠಶಾಲೆಯಾಗಲಿ

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಂತೆ ನೋಂದಾಯಿತ ಫಾರ್ಮಾಸಿಸ್ಟರು ಐದು ವರ್ಷಗಳ ಅವಧಿಯಲ್ಲಿ ತಲಾ ಒಂದು ದಿನದ ಕನಿಷ್ಠ ಎರಡು ಪುನಶ್ಚೇತನ ತರಬೇತಿಗಳಿಗೆ ಹಾಜರಾಗಬೇಕು. ವರ್ತಕರ ವಿದ್ಯುನ್ಮಾನ ತಕ್ಕಡಿಗೇ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕಾಗಿರುವಾಗ ಇದು ಅತ್ಯಲ್ಪವೆಂದೇ ಹೇಳಬೇಕು. ಆ ಎರಡು ದಿನಗಳ ರಜೆಗೂ ಗೊಣಗುವ ಮಾಲೀಕರಿದ್ದಾರೆ!

ನಿಜವಾದ ಕಲಿಕೆ ನಡೆಯಬೇಕಾದುದು ಕೌಂಟರಿನಲ್ಲಿಯೇ. ಸಂಧಿವಾತಕ್ಕೆ ವಾರಕ್ಕೊಮ್ಮೆ ಸೇವಿಸಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ರೋಗಿಯು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿಯನ್ನು ಗಮನವಿಟ್ಟು ಓದಿ, ಸಂದೇಹ ಬಂದರೆ ವೈದ್ಯರನ್ನು ವಿಚಾರಿಸಿ, ಮಾತ್ರೆ ನುಂಗಬೇಕಾದ ವಾರವನ್ನು ಪೊಟ್ಟಣದ ಮೇಲೆ ಬರೆದುಕೊಡುವ ಅಭ್ಯಾಸವು ಸಭಾಂಗಣದ ಭಾಷಣದಿಂದ ಬರುವಂಥದಲ್ಲ. ಅನುಭವಸ್ಥರ ಪಕ್ಕದಲ್ಲಿ ನಿಂತು ಕಲಿಯುವಂಥದು.

ಕ್ಷಯರೋಗದ ಔಷಧಗಳು ಹಾಗೂ ಪ್ರಬಲ ಆಂಟಿಬಯೋಟಿಕ್‌ಗಳು ಸೇರಿರುವ ಹೆಚ್-1 ಪಟ್ಟಿಗೆ 2014ರಿಂದ ಪ್ರತ್ಯೇಕ ವಹಿ ಕಡ್ಡಾಯವಾಗಿದೆ. ಅದನ್ನು ಇನ್‌ಸ್ಪೆಕ್ಟರರ ಭೇಟಿಗೆಂದು ಮಾತ್ರ ತುಂಬಿಡುವ ಬದಲು, ವಾರಕ್ಕೆ ಅರ್ಧ ಗಂಟೆ ಮುಂದಿಟ್ಟುಕೊಂಡು, ಯಾವ ಔಷಧ ಯಾರಿಗೆ, ಎಷ್ಟು ಪ್ರಮಾಣದಲ್ಲಿ ಹೋಯಿತು, ಹೋಗಬೇಕಿತ್ತೇ ಎಂದು ಸಿಬ್ಬಂದಿ ಚರ್ಚಿಸಬಹುದು. ಆ ಅರ್ಧ ಗಂಟೆಯ ಸಂಬಳವನ್ನು ಮಾಲೀಕರು ಬಾಡಿಗೆ, ವಿದ್ಯುತ್ತುಗಳಂತೆ ಅಂಗಡಿಯ ಖರ್ಚಿಗೇ ಬರೆದುಕೊಳ್ಳಬೇಕು.